ಬೆಳಗಿನ ತೋಡಿ, ಮಧ್ಯಾಹ್ನದ ಸಾರಂಗ

ರೇಡಿಯೊದಲ್ಲಿ ಬೆಳಗಿನಿಂದ ರಾತ್ರಿಯವರೆಗೂ ಶಾಸ್ತ್ರೀಯ ಸಂಗೀತವೇ ಬರುತ್ತಿದೆಯೆಂದರೆ ಒಂದು ಕಾಲದಲ್ಲಿ ಊರಿನವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಯಾರು ತೀರಿಕೊಂಡರಂತೆ?" 1964ರ ಮೇ 27ರಂದು ಜವಾಹರಲಾಲ್ ನೆಹರೂ, 1966ರ ಜನವರಿ 11ರಂದು ಲಾಲ್ ಬಹಾದೂರ್ ಶಾಸ್ತ್ರಿ, 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಇಲ್ಲವಾದಾಗ ಚಿತ್ರಗೀತೆ, ನಾಟಕ, ಹರಟೆ ಎಲ್ಲ ನಿಂತವು. ವಾರ್ತೆಗಳ ನಡುವೆ ಸಾರಂಗಿ, ವೀಣೆ, ಭಜನೆ. ಶೋಕಾಚರಣೆ ಮುಗಿಯುವವರೆಗೆ ಅದೇ. ಸಾರಂಗಿಯ ಎಳೆಯೊಂದು ಕಿವಿಗೆ ಬಿದ್ದರೆ ಎದೆ ಧಸಕ್ಕೆನ್ನುವ ಅಭ್ಯಾಸ ಇಡೀ ಒಂದು ತಲೆಮಾರಿಗೆ ಅಂಟಿಕೊಂಡಿತು. ಇದರಿಂದ ಈ ಸಂಗೀತಕ್ಕೆ ಆದ ಅನ್ಯಾಯ ಸಣ್ಣದಲ್ಲ. ಮಳೆಗಾಲದ ದೇಸ್, ಮೈ ಕೊಡವಿಕೊಂಡು ಏಳುವ ಅಡಾಣಾ, ತುಂಬಿ ತುಳುಕುವ ಬಿಲಹರಿ ಎಲ್ಲ ಇರುವ ಸಂಗೀತವನ್ನು ಸಾವಿನ ಮನೆಯ ಬಾಗಿಲಿಗೆ ಕಟ್ಟಿಹಾಕಿದಂತಾಯಿತು.

ಉಳಿದ ದಿನಗಳಲ್ಲಿ ಅದು ಬರುತ್ತಿದ್ದ ರೀತಿಯೇ ಬೇರೆ. ಬೆಳಿಗ್ಗೆ ವಾರ್ತೆಯಾದ ಮೇಲೆ ಒಂದಿಷ್ಟು, ಮಧ್ಯಾಹ್ನ ಊಟದ ಆಚೀಚೆ ಒಂದಿಷ್ಟು, ದೀಪ ಹಚ್ಚುವ ಹೊತ್ತಿಗೆ ಒಂದಿಷ್ಟು, ರಾತ್ರಿ ಎಲ್ಲರೂ ಮನೆ ಸೇರಿದ ಮೇಲೆ ದೊಡ್ಡ ಕಛೇರಿ. ನಿಲಯಕ್ಕೆ ತನ್ನ ಸಮಯಪಟ್ಟಿಯ ಖಾಲಿ ಜಾಗಗಳನ್ನು ತುಂಬಿಸಬೇಕಿತ್ತು, ಹಾಗಾಗಿ ಸಂಗೀತವನ್ನು ದಿನದುದ್ದಕ್ಕೂ ಹಂಚಿತು. ಆ ಅನುಕೂಲಕ್ಕೆ ಮಾಡಿದ ಏರ್ಪಾಟಿನಿಂದಲೇ ಬೇರೆಲ್ಲೂ ಸಿಗದ ಒಂದು ಭಾಗ್ಯ ಕೇಳುಗರಿಗೆ ಸಿಕ್ಕಿತು: ರಾಗಗಳು ತಮ್ಮ ತಮ್ಮ ಹೊತ್ತಿಗೆ ಮನೆಗೆ ಬಂದವು. ಸಭಾ ಕಛೇರಿಗಳು ನಡೆಯುವುದು ಸಂಜೆ. ಸಂಜೆ ಆರಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿಯುವ ಕಛೇರಿಯಲ್ಲಿ ಯಮನ್ ಸಿಗುತ್ತದೆ, ಬಾಗೇಶ್ರೀ ಸಿಗುತ್ತದೆ. ಗೌಡ ಸಾರಂಗ ಎಲ್ಲಿ ಸಿಗಬೇಕು? ಮುಲ್ತಾನಿ ಯಾವಾಗ ಹಾಡಬೇಕು? ಬೆಳಿಗ್ಗೆ ಹತ್ತರ ಜೌನಪುರಿಗೆ ಟಿಕೆಟ್ ತೆಗೆದು ಯಾರು ಬರುತ್ತಾರೆ? ಈ ರಾಗಗಳಿಗೆ ಇಪ್ಪತ್ತನೆಯ ಶತಮಾನದಲ್ಲಿ ಉಳಿದಿದ್ದ ದೊಡ್ಡ ಆಸರೆ ರೇಡಿಯೊ.

ರೇಡಿಯೊದ ಬೆಳಗು ಶುರುವಾಗುತ್ತಿದ್ದದ್ದು ಸಂಕೇತ ಧ್ವನಿಯಿಂದ. ಕೆಳಗೆ ತಂಬೂರಿ, ಮೇಲೆ ಪಿಟೀಲು. ಅದನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್. ಬೊಹೀಮಿಯಾದ ಯಹೂದಿ ಸಂಗೀತಗಾರ. ಯುರೋಪಿನಲ್ಲಿ ಯಹೂದಿಗಳಿಗೆ ಬದುಕು ದುಸ್ತರವಾಗುತ್ತಿದ್ದ 1934ರಲ್ಲಿ ಪ್ರಾಗ್ ಬಿಟ್ಟು ಮುಂಬಯಿಗೆ ಬಂದು, ಅಲ್ಲಿನ ರೇಡಿಯೊ ನಿಲಯದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದವರು. ಆ ಪಿಟೀಲು ಮೆಹ್ಲಿ ಮೆಹ್ತಾ ಅವರದೆಂದು, ಅಂದರೆ ವಾದ್ಯಮೇಳ ನಿರ್ದೇಶಕ ಜುಬಿನ್ ಮೆಹ್ತಾ ಅವರ ತಂದೆಯದೆಂದು ಹೇಳುತ್ತಾರೆ. ಧುನ್‌ನಲ್ಲಿ ಕೇಳುವುದು ಶಿವರಂಜಿನಿಯ ಛಾಯೆ. ವಾಡಿಕೆಯಲ್ಲಿ ಶಿವರಂಜಿನಿ ರಾತ್ರಿಯ ರಾಗ. ಆದರೂ ಈ ದೇಶದ ಕೋಟ್ಯಂತರ ಜನಕ್ಕೆ ಅದು ನಸುಕಿನ ನೆನಪಾಗಿಯೇ ಉಳಿದಿದೆ. ರಾಗದ ಹೊತ್ತು ಶಾಸ್ತ್ರದಲ್ಲಿ ಎಷ್ಟಿದೆಯೋ ಅಭ್ಯಾಸದಲ್ಲೂ ಅಷ್ಟೇ ಇದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕೌಫ್‌ಮನ್ ಮುಂದೆ ಅಮೆರಿಕೆಯಲ್ಲಿ ನೆಲೆಸಿ, ಉತ್ತರ ಮತ್ತು ದಕ್ಷಿಣ ಭಾರತದ ರಾಗಗಳ ಮೇಲೆ ಎರಡು ದೊಡ್ಡ ಗ್ರಂಥಗಳನ್ನೇ ಬರೆದರು.

ಸಂಕೇತ ಧ್ವನಿಯಾದ ಮೇಲೆ ವಂದೇ ಮಾತರಂ, ಮಂಗಳ ಧ್ವನಿ. ನಾಗಸ್ವರವೋ ಶಹನಾಯಿಯೋ ಮನೆಯೊಳಗೆ ಬೆಳಗು ತರುತ್ತಿತ್ತು. ಭಕ್ತಿಗೀತೆಗಳು ಮುಗಿದು 6.55ಕ್ಕೆ ಸಂಸ್ಕೃತ ವಾರ್ತೆ ಬರುವಷ್ಟರಲ್ಲಿ ಹಂಡೆಯ ನೀರು ಕಾದಿರುತ್ತಿತ್ತು.

ಈ ಕಥೆಯಲ್ಲಿ ಮೈಸೂರಿಗೆ ಇರುವ ಸ್ಥಾನ ದೊಡ್ಡದು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 1935ರ ಸೆಪ್ಟೆಂಬರ್‌ನಲ್ಲಿ ಪ್ರಸಾರ ಶುರುಮಾಡಿದರು. ಮೊದಲ ದಿನ ಕುವೆಂಪು ಕವಿತೆ ಓದಿದರು. ಪ್ರಸಾರ ಯಂತ್ರದ ಶಕ್ತಿ ಕೇವಲ 30 ವ್ಯಾಟ್, ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುವುದಕ್ಕೂ ಸಾಲದಷ್ಟು. 'ಆಕಾಶವಾಣಿ' ಎಂಬ ಹೆಸರು ಆ ಪುಟ್ಟ ನಿಲಯದಿಂದ ಹೊರಟು, ಸ್ವಾತಂತ್ರ್ಯದ ಮೇಲೆ ಇಡೀ ದೇಶದ ಪ್ರಸಾರ ಸಂಸ್ಥೆಗೆ ಅಂಟಿಕೊಂಡಿತು. ಮುಂದೆ ಮೈಸೂರು ಸಂಸ್ಥಾನ ನಿಲಯವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಧಾರವಾಡದಲ್ಲಿ ಅಷ್ಟರೊಳಗೆ, 1950ರ ಜನವರಿಯಲ್ಲೇ, ನಿಲಯ ಶುರುವಾಗಿತ್ತು. ಮೈಸೂರಿಗೆ ನಿಲಯ ಮರಳಿ ಬಂದದ್ದು 1974ರಲ್ಲಿ.

ಇಲ್ಲಿ ಗೌಹರ್ ಜಾನ್ ಹೆಸರನ್ನು ನೆನೆಯದೆ ಮುಂದೆ ಹೋಗಲಾಗದು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿ, ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿಕೊಂಡ ಗಾಯಕಿ ಆಕೆ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಇನ್ನಾರು ವರ್ಷ ಬದುಕಿದ್ದರೆ ಒಂಟಿಕೊಪ್ಪಲಿನ ಆ ಮೈಕಿನ ಮುಂದೆ ಅವರು ಕೂರಬಹುದಿತ್ತು. ಅವರ ಹಾಡಿಕೆಯಿಂದ ನಮಗೆ ಉಳಿದಿರುವುದೆಲ್ಲ ಮೂರು ಮೂರೂವರೆ ನಿಮಿಷದ ತುಣುಕುಗಳು. 78 ಸುತ್ತಿನ ತಟ್ಟೆಯ ಒಂದು ಮಗ್ಗುಲು ಅಷ್ಟನ್ನೇ ಹಿಡಿಯುತ್ತಿದ್ದದ್ದು. ಖ್ಯಾಲನ್ನು ಆ ಮೂರು ನಿಮಿಷಕ್ಕೆ ಮಡಿಸಿಡುವ ಜಾಣ್ಮೆಯೂ ಒಂದು ದೊಡ್ಡ ಕಲೆಯೇ, ನಿಜ. ಆದರೆ ರಾಗ ಬೆಳೆಯುವುದನ್ನು ಕೇಳಬೇಕಾದರೆ ಕೇಳುಗನಿಗೆ ರೇಡಿಯೊವೇ ಬರಬೇಕಾಯಿತು. ರೇಡಿಯೊ ಕೊಟ್ಟದ್ದು ಅರ್ಧ ಗಂಟೆ. ಕೆಲವೊಮ್ಮೆ ಒಂದು ಗಂಟೆ.

ಆ ಅರ್ಧ ಗಂಟೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸ್ಟುಡಿಯೊಗೆ ಒಂದರ ಹಿಂದೆ ಒಂದು ಎರಡು ದಪ್ಪ ಬಾಗಿಲು. ಗೋಡೆಗೆ ಸಣ್ಣ ತೂತುಗಳ ಹಲಗೆ, ನೆಲಕ್ಕೆ ಜಮಖಾನೆ. ಸದ್ದು ಗೋಡೆಗೆ ಬಡಿದು ಮರಳಿ ಬಾರದ ಕಾರಣ, ಮೊದಲ ಸಲ ಒಳಗೆ ಹೋದ ಗಾಯಕನಿಗೆ ತನ್ನ ದನಿಯೇ ಬಡವಾದಂತೆ ತೋರುತ್ತದೆ. ದೊಡ್ಡ ಗಾಜಿನ ಆಚೆ ಎಂಜಿನಿಯರ್. ತಂಬೂರಿ ಶ್ರುತಿಗೊಂಡಿದೆ, ತಬಲಾದ ಗಟ್ಟಿಗಳನ್ನು ಬಡಿದು ಹೊಂದಿಸಿಯಾಗಿದೆ. ಯಾವ ರಾಗ, ಯಾವ ತಾಳ, ಎಷ್ಟು ನಿಮಿಷ ಎಂದು ಮೊದಲೇ ಬರೆದುಕೊಟ್ಟ ಹಾಳೆ ಉದ್ಘೋಷಕಿಯ ಕೈಯಲ್ಲಿದೆ. ಕೆಂಪು ದೀಪ ಹತ್ತಿಕೊಳ್ಳುತ್ತದೆ. ಇನ್ನು ಕೆಮ್ಮುವ ಹಾಗಿಲ್ಲ, ಪುಟ ಮಗುಚುವ ಹಾಗಿಲ್ಲ. ಎದುರಿಗೆ ತಲೆದೂಗುವ ಒಬ್ಬ ಶ್ರೋತೃವೂ ಇಲ್ಲ. ಇರುವುದು ಗೋಡೆ ಗಡಿಯಾರ ಮಾತ್ರ.

ವಿಲಂಬಿತ ಏಕತಾಳದ 12 ಮಾತ್ರೆಗಳ ಒಂದು ಆವರ್ತನಕ್ಕೆ ಮುಕ್ಕಾಲು ನಿಮಿಷ ಬೇಕೆಂದುಕೊಳ್ಳೋಣ. ಬಡಾ ಖ್ಯಾಲಿಗೆ 18 ನಿಮಿಷ ಇಟ್ಟುಕೊಂಡರೆ ಸಿಗುವುದು 24 ಆವರ್ತನ. ಅಷ್ಟರಲ್ಲೇ ಷಡ್ಜ ಭದ್ರವಾಗಬೇಕು, ಮಂದ್ರಕ್ಕೆ ಹೋಗಿ ಬರಬೇಕು, ಸ್ವರದ ಮೇಲೆ ಸ್ವರ ಹತ್ತಿ ತಾರ ಷಡ್ಜ ಮುಟ್ಟಬೇಕು, ಬೋಲ್ ಆಲಾಪವಾಗಬೇಕು, ತಾನು ಬರಬೇಕು. ಉಳಿದ ಹತ್ತು ನಿಮಿಷದಲ್ಲಿ ಛೋಟಾ ಖ್ಯಾಲು. ರಾತ್ರಿಯಿಡೀ ಹಾಡುವ ಬೈಠಕ್ಕಿಗೆ ಒಗ್ಗಿದ ಹಿರಿಯ ಗವಾಯಿಗಳಿಗೆ ಇದು ಉಸಿರು ಕಟ್ಟಿಸುವ ಕಟ್ಟುಪಾಡಾಗಿತ್ತು. ಆದರೆ ಒಂದನ್ನು ಒಪ್ಪಬೇಕು: ಆ 24 ಆವರ್ತನಗಳ ಲೆಕ್ಕವನ್ನು ಜೀರ್ಣಿಸಿಕೊಂಡವರ ಹಾಡಿಕೆಯಲ್ಲಿ ಪುನರುಕ್ತಿ ಎನ್ನುವುದು ಹುಡುಕಿದರೂ ಸಿಗುವುದಿಲ್ಲ.

ಮಲ್ಲಿಕಾರ್ಜುನ ಮನಸೂರರ ಹಾಡಿಕೆ ಇದಕ್ಕೆ ಒಳ್ಳೆಯ ನಿದರ್ಶನ. ಧಾರವಾಡ ಆಕಾಶವಾಣಿಗೆ ಅವರು ಸಂಗೀತ ಸಲಹೆಗಾರರೂ ಆಗಿದ್ದರು. ಜೈಪುರ-ಅತ್ರೌಲಿ ಘರಾಣೆಯ ರೀತಿಯೇ ಹಾಗೆ. ತಾಳವಿಲ್ಲದ ದೀರ್ಘ ಆಲಾಪಕ್ಕೆ ನಿಲ್ಲದೆ ಬಂದಿಶಿನೊಳಕ್ಕೆ ನೇರ ಇಳಿದು, ಲಯದ ಬೆನ್ನ ಮೇಲೆ ಕೂತೇ ರಾಗವನ್ನು ಬಿಡಿಸುತ್ತ ಹೋಗುವುದು. ಮನಸೂರರು ಬಾಯಿ ತೆರೆದ ಮೊದಲ ಅರ್ಧ ನಿಮಿಷದಲ್ಲಿ ರಾಗ ಎದುರಿಗೆ ನಿಂತಿರುತ್ತಿತ್ತು. ಶಿವಮತ ಭೈರವ, ಬಹಾದುರಿ ತೋಡಿ, ಹೇಮ ನಟ, ಲಾಜವಂತಿಯಂಥ ಅಪರೂಪದ ರಾಗಗಳನ್ನು ಅವರು ಯಮನ್ನನ್ನು ಹಾಡುವಷ್ಟೇ ಸಲೀಸಾಗಿ ಹಾಡುತ್ತಿದ್ದರು. ಇವುಗಳಲ್ಲಿ ಎಷ್ಟೋ ರಾಗಗಳ ಹೆಸರನ್ನು ಜನ ಮೊದಲು ಕೇಳಿದ್ದು ರೇಡಿಯೊ ಉದ್ಘೋಷಕರ ಬಾಯಲ್ಲಿ.

ಉದ್ಘೋಷಕರ ಆ ಒಂದು ವಾಕ್ಯದ ಉಪಕಾರವನ್ನು ನಾವು ಸಾಕಷ್ಟು ನೆನೆದಿಲ್ಲ. ಸಭೆಯಲ್ಲಿ ವಿದ್ವಾಂಸರು ರಾಗದ ಹೆಸರು ಹೇಳುವುದು ಕಡಿಮೆ. ಗೊತ್ತಿದ್ದವರಿಗೆ ಗೊತ್ತು, ಇಲ್ಲದವರು ಪಕ್ಕದವರನ್ನು ಕೇಳಲು ನಾಚುತ್ತಾರೆ. ರೇಡಿಯೊ ಈ ನಾಚಿಕೆಯನ್ನು ತೆಗೆದುಹಾಕಿತು. ರಾಗ, ತಾಳ, ರಚನೆ ಯಾರದು, ಪಿಟೀಲಿನಲ್ಲಿ ಯಾರು, ಮೃದಂಗದಲ್ಲಿ ಯಾರು ಎಂದು ಮೊದಲೊಮ್ಮೆ ಹೇಳಿ, ಮುಗಿದ ಮೇಲೆ ಮತ್ತೊಮ್ಮೆ ಹೇಳುವ ಪದ್ಧತಿ ಇಟ್ಟಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರಿಗೆ, ಗುಮಾಸ್ತಿಕೆಗೆ ಹೊರಡಲು ಅಂಗಿ ತೊಡುತ್ತಿದ್ದವರಿಗೆ, ಗುರುವಿನ ಮನೆಯ ಮೆಟ್ಟಿಲು ಹತ್ತಲು ಅವಕಾಶವೇ ಸಿಗದವರಿಗೆ ಇಷ್ಟರಿಂದಲೇ ರಾಗಗಳ ಗುರುತು ಹತ್ತಿತು. ಒಂದೇ ರಾಗದ ಹೆಸರು ವರ್ಷಗಟ್ಟಲೆ ಒಂದೇ ಹೊತ್ತಿನಲ್ಲಿ ಕಿವಿಗೆ ಬಿದ್ದರೆ, ಆ ಹೊತ್ತಿನ ಬಿಸಿಲು, ಅಡುಗೆಯ ವಾಸನೆ ಎಲ್ಲವೂ ರಾಗದ ಜೊತೆ ಕಲೆತುಬಿಡುತ್ತದೆ. ಪಕ್ಕವಾದ್ಯದವರ ಹೆಸರು ಪೋಸ್ಟರಿನಲ್ಲಿ ಸಣ್ಣಕ್ಷರವಾಗಿದ್ದ ದಿನಗಳಲ್ಲಿ ಅದು ನಾಡಿನ ತುಂಬ ಕೇಳಿಸಿದ್ದೂ ರೇಡಿಯೊದಿಂದ.

ಹಿಂದೂಸ್ತಾನಿಯಲ್ಲಿ ಹೊತ್ತಿನ ಕಟ್ಟು ಬಿಗಿ. ದಿನರಾತ್ರಿಗೆ ಮೂರು ಮೂರು ಗಂಟೆಯ ಎಂಟು ಪ್ರಹರ. ಸೂರ್ಯ ಹುಟ್ಟುವ, ಮುಳುಗುವ ಸಂಧಿಯ ರಾಗಗಳಿಗೆ ಕೋಮಲ ರಿಷಭ, ಶುದ್ಧ ಗಾಂಧಾರದ ಗುರುತು. ಮಧ್ಯಮ ಸ್ವರವನ್ನು ಭಾತಖಂಡೆಯವರ ಪರಂಪರೆ ದಾರಿ ತೋರುವ ಸ್ವರವೆನ್ನುತ್ತದೆ: ಸಾಮಾನ್ಯವಾಗಿ ಶುದ್ಧ ಮಧ್ಯಮ ಬಲವಾಗಿದ್ದರೆ ಬೆಳಗು, ತೀವ್ರ ಮಧ್ಯಮ ಕಾಣಿಸಿಕೊಂಡರೆ ಸಂಜೆ ಹತ್ತಿರ. ಬೆಳಿಗ್ಗೆ ಭೈರವ, ತೋಡಿ. ಬಿಸಿಲೇರುತ್ತ ಅಸಾವರಿ, ಅಲೈಯಾ ಬಿಲಾವಲ. ನಡು ಮಧ್ಯಾಹ್ನ ಸಾರಂಗದ ಬಳಗ. ಮೂರರ ಮೇಲೆ ಭೀಮಪಲಾಸಿ, ಮುಲ್ತಾನಿ. ಮುಳುಗುಹೊತ್ತಿಗೆ ಮಾರವಾ, ಪೂರಿಯಾ. ಧಾರವಾಡದ ಶ್ರೋತೃಗಳು ಇದರಲ್ಲಿ ಬಲು ಕಟ್ಟುನಿಟ್ಟು. ಹೊತ್ತು ತಪ್ಪಿದ ರಾಗ ಬಂದರೆ ನಿಲಯಕ್ಕೆ ಕಾರ್ಡು ಬರೆಯುವವರೂ ಆ ಊರಲ್ಲೇ ಇದ್ದವರು. ಅವರ ಪಟ್ಟು ಸರಿಯಾದದ್ದು. ಮಧ್ಯಾಹ್ನ ಒಂದೂವರೆಗೆ, ಬೀದಿ ಖಾಲಿಯಾಗಿ, ಹಂಚಿನ ಮೇಲೆ ಬಿಸಿಲು ಕೂತಿರುವಾಗ ಬೃಂದಾವನಿ ಸಾರಂಗವನ್ನು ಕೇಳಿದವರಿಗೆ, ಗಾಂಧಾರ ಧೈವತಗಳನ್ನು ಬಿಟ್ಟ ಆ ಐದು ಸ್ವರಗಳ ರಾಗಕ್ಕೆ ಎಷ್ಟು ಬಯಲು ಬೇಕೆಂದು ತಾನೇ ಅರ್ಥವಾಗುತ್ತದೆ.

ಕರ್ನಾಟಕ ಪದ್ಧತಿಯಲ್ಲಿ ಹೊತ್ತಿನ ನೇಮ ಇಷ್ಟು ಬಿಗಿಯಿಲ್ಲ. ಆದರೂ ಬೌಳಿ, ಭೂಪಾಳ, ಮಲಯಮಾರುತ ಬೆಳಗಿನವು, ನೀಲಾಂಬರಿ ರಾತ್ರಿಯದು ಎಂಬ ರೂಢಿ ಗಟ್ಟಿ. ಸಂಜೆಯ ಸಭಾ ಕಛೇರಿಯಲ್ಲಿ ಭೂಪಾಳವನ್ನು ಎತ್ತಿಕೊಳ್ಳುವವರು ವಿರಳ. ಬೆಂಗಳೂರು, ಮೈಸೂರು ನಿಲಯಗಳ ಬೆಳಗಿನ ಪ್ರಸಾರದಲ್ಲಿ ಅದಕ್ಕೆ ಜಾಗವಿತ್ತು. ಒಬ್ಬ ಕಲಾವಿದನನ್ನು ಕರೆಸಿದರೆ ಒಂದೇ ದಿನದಲ್ಲಿ ಎರಡು ಮೂರು ಸಲ ಹಾಡಿಸುವ ರೂಢಿಯೂ ಇತ್ತು. ಬೆಳಿಗ್ಗೆ ನಿದ್ದೆಯ ಭಾರ ಇನ್ನೂ ಇಳಿಯದ ಕಂಠವೇ ರಾತ್ರಿ ಪೂರ್ತಿ ಅರಳಿ ಬರುವುದನ್ನು ಕೇಳುಗ ಒಂದೇ ದಿನದಲ್ಲಿ ಕೇಳುತ್ತಿದ್ದ. ಇಂಥ ಅನುಭವವನ್ನು ಯಾವ ಧ್ವನಿಸುರುಳಿಯೂ ಕೊಡಲಾರದು.

ಬೆಂಗಳೂರು ನಿಲಯದಲ್ಲಿ ವೀಣೆ ದೊರೆಸ್ವಾಮಿ ಅಯ್ಯಂಗಾರ್ ಇದ್ದರು. ಮೈಸೂರು ಬಾನಿಯ ವೀಣೆ ಮೃದು. ದೊಡ್ಡ ಪೆಂಡಾಲಿನ ಹಿಂದಿನ ಸಾಲಿಗೆ ಅದರ ಸೂಕ್ಷ್ಮ ಮುಟ್ಟುವುದಿಲ್ಲ. ಉಗುರು ತಂತಿಗೆ ತಾಗುವುದು, ಮೀಟು ಆರುತ್ತ ಹೋಗುವಾಗ ಬೆರಳು ಎಳೆಯುವ ಗಮಕ ಇವೆಲ್ಲ ಕೇಳುವುದು ಒಂದು ಮೊಳದ ದೂರದಲ್ಲಿ. ಮೈಕು ಆ ದೂರದಲ್ಲೇ ನಿಂತಿತು, ಆ ದೂರವನ್ನೇ ಮನೆಮನೆಗೆ ಒಯ್ದಿತು. ಅದೇ ಆಕಾಶವಾಣಿಯಲ್ಲಿ ದುಡಿದ ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ ರೇಡಿಯೊದ ಮೂಲಕವೇ ಸಂಗೀತ ಪಾಠ ಹೇಳಿದರು. ಪಠ್ಯದ ಸ್ಪಷ್ಟತೆ, ಶ್ರುತಿಯ ಶುದ್ಧಿ, ಒಂದು ಸಂಗತಿಯನ್ನೂ ಸಡಿಲಗೊಳಿಸದ ಶಿಸ್ತು ಅವರ ಗುರುತು. ನೋಟುಪುಸ್ತಕ ತೆರೆದು ರೇಡಿಯೊ ಮುಂದೆ ಕೂತು ಕಲಿತವರು ಜಿಲ್ಲೆ ಜಿಲ್ಲೆಗಳಲ್ಲಿ ಇದ್ದಾರೆ.

ಹಾಗೆಂದು ರೇಡಿಯೊದ ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ಹೇಳಿದರೆ ಸುಳ್ಳಾದೀತು. 1940ರ ಮಾರ್ಚ್‌ನಿಂದ ಹಾರ್ಮೋನಿಯಂಗೆ ನಿಷೇಧ ಬಿತ್ತು. ಆಗ ಪ್ರಸಾರದ ಮುಖ್ಯಸ್ಥರಾಗಿದ್ದವರು ಲಯನಲ್ ಫೀಲ್ಡನ್. ಕೀಲಿಮಣೆಯ ಸ್ಥಿರ ಸ್ವರಗಳಲ್ಲಿ ಮೀಂಡು ಇಲ್ಲ, ಶ್ರುತಿಯ ಸೂಕ್ಷ್ಮ ಇಲ್ಲ ಎಂಬುದು ವಾದ. ರವೀಂದ್ರನಾಥ ಠಾಕೂರರೂ ಆ ವಾದ್ಯವನ್ನು ಒಪ್ಪಿದವರಲ್ಲ. ವಾದದಲ್ಲಿ ಸತ್ಯವಿತ್ತು. ಆದರೆ ಹುಬ್ಬಳ್ಳಿ, ಗದಗ, ಧಾರವಾಡಗಳಲ್ಲಿ ಪೇಟಿ ಎಂದರೆ ಮನೆಮಗ. ಕಂಪನಿ ನಾಟಕಗಳಲ್ಲಿ ಪೇಟಿ, ಮಠದ ಕೀರ್ತನೆಯಲ್ಲಿ ಪೇಟಿ, ರಿಯಾಜಿಗೂ ಪೇಟಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಬೆರಳಿಂದ ಸ್ವರದ ಜಾಗ ಕಂಡುಕೊಂಡದ್ದೂ ಅದರ ಮೇಲೆ. ನಿಲಯದೊಳಗೆ ಬಂದರೆ ಆ ಸಂಗಾತಿಯನ್ನು ಹೊರಗೆ ಬಿಡಬೇಕು. ಸಾರಂಗಿಯೋ ಪಿಟೀಲೋ ಜೊತೆಗೆ. ಮೂರು ದಶಕ ಕಳೆದ ಮೇಲೆ, 1970ರ ದಶಕದ ಆರಂಭದಲ್ಲಿ, ಅದೂ ಪಕ್ಕವಾದ್ಯವಾಗಿ ಮಾತ್ರ, ಮೇಲ್ದರ್ಜೆಯ ಕಲಾವಿದರಿಗೆ ಮೊದಲು, ನಿಷೇಧ ಸಡಿಲವಾಯಿತು. ಈ ನಿಷೇಧದಿಂದ ಒಂದು ಒಳ್ಳೆಯದೂ ಆಯಿತೆನ್ನಬೇಕು. ಬೈಠಕ್ಕುಗಳಿಂದ ಕಾಲ್ತೆಗೆಯುತ್ತಿದ್ದ ಸಾರಂಗಿಯವರಿಗೆ ನಿಲಯದ ಕಲಾವಿದರೆಂದು ತಿಂಗಳ ಸಂಬಳ ಸಿಕ್ಕಿತು.

ಇನ್ನೊಂದು ಬಾಗಿಲು ಹೆಚ್ಚು ಕ್ರೂರವಾಗಿ ಮುಚ್ಚಿತು. 1946ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ಹೊತ್ತಿದ್ದ ಸರ್ದಾರ್ ಪಟೇಲರು, ಖಾಸಗಿ ಬದುಕಿನ ಬಗ್ಗೆ ಲೋಕಾಪವಾದವಿರುವ ಗಾಯಕಿಯರನ್ನು ರೇಡಿಯೊಗೆ ಕರೆಯಬಾರದೆಂದರು. ಹಾಗೆಂದರೆ ವಾಸ್ತವದಲ್ಲಿ ಕಲಾವಂತ ಮನೆತನಗಳ ಹೆಂಗಸರು. ಠುಮ್ರಿ, ಜಾವಳಿ, ಪದಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ಅವರೇ. ತಟ್ಟೆಗೆ ಮೊದಲು ಹಾಡುವ ಧೈರ್ಯ ತೋರಿದವರೂ ಅವರೇ. ಮುಂದೆ 1952ರಿಂದ ಹತ್ತು ವರ್ಷ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಕಾಲದಲ್ಲಿ ಧ್ವನಿಪರೀಕ್ಷೆಯ ವ್ಯವಸ್ಥೆ ಗಟ್ಟಿಯಾಯಿತು: ಹೆಸರು ಮರೆಮಾಡಿದ ಧ್ವನಿಮುದ್ರಣವನ್ನು ಕೇಳಿ ಬಿ, ಬಿ-ಹೈ, ಎ, ಟಾಪ್ ಎಂದು ದರ್ಜೆ ಕೊಡುವುದು. ಹಿರಿಯ ಉಸ್ತಾದರು, ಪಂಡಿತರು ಅನೇಕರು ಪರೀಕ್ಷೆಗೆ ಕೂರುವುದನ್ನು ಅವಮಾನವೆಂದೇ ಬಗೆದರು. ಅವರ ಸಿಟ್ಟು ಸಹಜ. ಆದರೂ ಮುಖ ನೋಡದೆ ದನಿ ಮಾತ್ರ ಕೇಳುವ ಈ ಪದ್ಧತಿಯಿಂದ, ಹೇಳಿಕೊಳ್ಳುವ ಮನೆತನವಿಲ್ಲದ ಸಣ್ಣ ಊರಿನ ಹುಡುಗ ಹುಡುಗಿಯರು ಒಳಗೆ ಬಂದರು; ಇಂದಿಗೂ ಕಛೇರಿಯ ಆಮಂತ್ರಣ ಪತ್ರಿಕೆಯಲ್ಲಿ 'ಆಕಾಶವಾಣಿ ಎ ದರ್ಜೆ ಕಲಾವಿದರು' ಎಂದು ಹೆಸರಿನ ಕೆಳಗೆ ಅಚ್ಚಾಗುತ್ತದೆ. ಕೇಸ್ಕರರು ಚಿತ್ರಗೀತೆಗಳನ್ನು ಒತ್ತರಿಸಿದ್ದರಿಂದ ಜನ ರೇಡಿಯೊ ಸಿಲೋನಿನತ್ತ ಮುಳ್ಳು ತಿರುಗಿಸಿದರು, 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಬರಬೇಕಾಯಿತು. ಆದರೆ 1952ರಲ್ಲಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, 1954ರಲ್ಲಿ ರೇಡಿಯೊ ಸಂಗೀತ ಸಮ್ಮೇಳನ ಶುರುವಾದದ್ದೂ ಅವರ ಕಾಲದಲ್ಲೇ.

ವರ್ಷದಲ್ಲಿ ಒಂದು ಬೆಳಗಂತೂ ದಕ್ಷಿಣದ ನಿಲಯಗಳೆಲ್ಲ ಒಂದೇ ಕಡೆ ಕಿವಿಯಿಡುತ್ತವೆ. ಪುಷ್ಯ ಬಹುಳ ಪಂಚಮಿಯಂದು ಕಾವೇರಿ ದಂಡೆಯ ತಿರುವೈಯಾರಿನಿಂದ ತ್ಯಾಗರಾಜರ ಪಂಚರತ್ನ ಕೃತಿಗಳ ನೇರ ಪ್ರಸಾರ. ನಾಟ, ಗೌಳ, ಆರಭಿ, ವರಾಳಿ, ಶ್ರೀ: ಐದು ರಾಗ, ನೂರಾರು ಕಂಠ. ಶ್ರುತಿ ಅಲ್ಲಲ್ಲಿ ಅಲುಗುತ್ತದೆ, ಯಾರೋ ಒಂದು ಸಂಗತಿಯನ್ನು ಮುಂದಾಗಿ ಹಾಡಿಬಿಡುತ್ತಾರೆ, ಮೃದಂಗಗಳ ಸದ್ದು ಅಲೆಯಾಗಿ ಬರುತ್ತದೆ. ಯಾವ ಸ್ಟುಡಿಯೊ ಶುದ್ಧಿಯೂ ಅದರ ಮುಂದೆ ನಿಲ್ಲುವುದಿಲ್ಲ. ಆ ಸಮಾಧಿಗೆ ಗುಡಿ ಕಟ್ಟಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ; ತಮ್ಮ ಗಳಿಕೆಯನ್ನೆಲ್ಲ ಅದಕ್ಕೆ ಸುರಿದರು. ಹೆಂಗಸರಿಗೆ ಅಲ್ಲಿ ಹಾಡುವ ಹಕ್ಕಿಗಾಗಿ ಹಟ ಹಿಡಿದರು. ಅವರೂ ದೇವದಾಸಿ ಮನೆತನದವರು. 1946ರ ಆದೇಶದ ಪಕ್ಕದಲ್ಲಿ ಈ ಸಂಗತಿಯನ್ನು ಇಟ್ಟು ನೋಡಿದಾಗ ಆದ ಅನ್ಯಾಯದ ಅಳತೆ ಸಿಗುತ್ತದೆ.

ರಾತ್ರಿಯ ಕಥೆ ಬೇರೆ, ಅದರಲ್ಲಿ ಭೌತಶಾಸ್ತ್ರವೂ ಸೇರಿದೆ. ಬೆಂಗಳೂರು 612 ಕಿಲೊಹರ್ಟ್ಸ್, ಧಾರವಾಡ 765 ಕಿಲೊಹರ್ಟ್ಸ್, ಎರಡೂ ಮಧ್ಯಮ ತರಂಗ. ಹಗಲಲ್ಲಿ ಈ ತರಂಗಗಳು ನೆಲವನ್ನು ಹಿಡಿದೇ ಸಾಗುತ್ತವೆ. ಮೇಲಕ್ಕೆ ಹೋದದ್ದನ್ನು ಅಯಾನುಗೋಲದ ಕೆಳಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗುತ್ತದೆ, ಮೇಲಿನ ಪದರಕ್ಕೆ ಬಡಿದ ತರಂಗ ನೂರಾರು ಕಿಲೊಮೀಟರ್ ಆಚೆ ಬಂದು ಬೀಳುತ್ತದೆ. ಆದ್ದರಿಂದ ಧಾರವಾಡದ ಮಧ್ಯಾಹ್ನದ ಮುಲ್ತಾನಿ ಆಸುಪಾಸಿನ ಜಿಲ್ಲೆಗಳ ಪಾಲು. ರಾತ್ರಿಯ ದರಬಾರಿ, ಮಾಲಕಂಸಗಳು ತುಂಗಭದ್ರೆಯನ್ನು ದಾಟಿ, ಘಟ್ಟ ಇಳಿದು ದೂರದೂರದವರ ಪಾಲು. ಖ್ಯಾಲ್ ಕೇಳುವ ಕಿವಿಗಳು ಹಳೇ ಮೈಸೂರಿನಲ್ಲೂ, ಕೀರ್ತನೆಗೆ ಒಲಿಯುವ ಕಿವಿಗಳು ಕಿತ್ತೂರು ಸೀಮೆಯಲ್ಲೂ ಹುಟ್ಟಿಕೊಂಡದ್ದರಲ್ಲಿ ಈ ರಾತ್ರಿಯ ತರಂಗಗಳ ಪಾಲೂ ಇದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಕರಕರ ಸದ್ದು, ಒಮ್ಮೊಮ್ಮೆ ತಾನಿನ ನಡುವೆ ದನಿ ತೇಲಿ ದೂರ ಹೋಗುವುದು, ಮತ್ತೆ ಸಮ್ಮಿನ ಹೊತ್ತಿಗೆ ಸರಿಯಾಗಿ ಮರಳುವುದು ಎಲ್ಲವನ್ನೂ ಸಹಿಸಿಕೊಂಡೇ ಜನ ಕೇಳಿದರು.

ಶನಿವಾರ ರಾತ್ರಿಯ ರಾಷ್ಟ್ರೀಯ ಕಾರ್ಯಕ್ರಮ ಈ ಕೇಳ್ಮೆಯ ಹಬ್ಬ. ಒಂದು ವಾರ ಹಿಂದೂಸ್ತಾನಿಯಾದರೆ ಮತ್ತೊಂದು ವಾರ ಕರ್ನಾಟಕ ಸಂಗೀತ. ಇಲ್ಲಿ ಮಾತ್ರ ಗಡಿಯಾರ ಸ್ವಲ್ಪ ಉದಾರಿ. ಬಡಾ ಖ್ಯಾಲಿಗೆ, ರಾಗ-ತಾನ-ಪಲ್ಲವಿಗೆ ಉಸಿರಾಡುವಷ್ಟು ಜಾಗ. ಉಪಗ್ರಹದ ಕೊಂಡಿ ಬರುವ ಮೊದಲು ಪ್ರಾದೇಶಿಕ ನಿಲಯಗಳು ದೆಹಲಿಯ ಹ್ರಸ್ವ ತರಂಗವನ್ನು ಹಿಡಿದು ಮರುಪ್ರಸಾರ ಮಾಡುತ್ತಿದ್ದವು. 1943ರಲ್ಲಿ ಮುಂಬಯಿಗೆ ಹೋಗಿ ರೇಡಿಯೊ ಕಲಾವಿದನಾಗಿ ದುಡಿದ ಗದುಗಿನ ಕಡೆಯ ತರುಣ ಭೀಮಸೇನ ಜೋಶಿ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಧಾರವಾಡದ ಬಸವರಾಜ ರಾಜಗುರು ಇವರೆಲ್ಲರ ದನಿ ದೇಶದ ಮನೆಮನೆಗಳಿಗೆ ಪರಿಚಿತವಾದದ್ದರಲ್ಲಿ ರೇಡಿಯೊದ ಪಾಲು ಬಹಳ ದೊಡ್ಡದು.

ಮಧ್ಯಮ ತರಂಗದ ಕೊರತೆ ಒಂದಿತ್ತು. ಅದರ ಒಂದೊಂದು ನಿಲಯಕ್ಕೆ ಸಿಗುವ ಪಟ್ಟಿಯೇ 9 ಕಿಲೊಹರ್ಟ್ಸ್ ಅಗಲ, ಕಿವಿಗೆ ಮುಟ್ಟುವುದು ಅದರ ಅರ್ಧ. ತಂಬೂರಿಯ ಜವಾರಿಯಿಂದ ಏಳುವ ಸಣ್ಣ ಸಣ್ಣ ಮೇಲ್ಸ್ವರಗಳು ಅಲ್ಲಿಯೇ ಕತ್ತರಿಸಿಹೋಗುತ್ತಿದ್ದವು. ಬೆಂಗಳೂರಿನಲ್ಲಿ 100.1 ಮೆಗಾಹರ್ಟ್ಸ್‌ನಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ಅಮೃತವರ್ಷಿಣಿ ಬಂದಾಗ, 15 ಕಿಲೊಹರ್ಟ್ಸ್‌ವರೆಗೆ ಒಯ್ಯಬಲ್ಲ ಎಫ್.ಎಂ.ನಲ್ಲಿ ಜನ ಮೊದಲು ಗುರುತಿಸಿದ್ದು ಗಾಯಕನ ಹಿಂದಿನ ಆ ತಂಬೂರಿಯನ್ನು. 2016ರ ಜನವರಿ 26ರಂದು ಬೆಂಗಳೂರಿನಿಂದಲೇ 'ರಾಗಂ' ಶುರುವಾಯಿತು: ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತ, ಡಿಟಿಎಚ್‌ನಲ್ಲಿ, ಅಂತರ್ಜಾಲದಲ್ಲಿ, ಮೊಬೈಲಿನಲ್ಲಿ. ಬೆಳಗಿನಿಂದ ರಾತ್ರಿಯವರೆಗೆ ಶಾಸ್ತ್ರೀಯ ಸಂಗೀತ ಕೇಳಲು ಯಾರೂ ಸಾಯಬೇಕಿಲ್ಲ ಎಂಬ ದಿನ ಹೀಗೆ ಬಂದಿತು. ಹಳೆಯ ನಿಲಯಗಳಿಗೆ ರಾತ್ರಿ ಹನ್ನೊಂದರ ಸುಮಾರಿಗೆ ಬಾಗಿಲು ಮುಚ್ಚಿ ನಸುಕಿಗೆ ತೆರೆಯುವ ಅಭ್ಯಾಸ. ನಡುರಾತ್ರಿ ಮೀರಿದ ಮೇಲಿನ ಸೋಹನಿ, ಪರಜ, ನಸುಕಿನ ಮೊದಲಿನ ಲಲಿತ್‌ಗಳಿಗೆ ಅಲ್ಲಿ ಅವುಗಳ ಹೊತ್ತು ಇರಲಿಲ್ಲ. ಆಸ್ಪತ್ರೆಯ ರಾತ್ರಿ ಪಾಳಿಯ ದಾದಿಯರಿಗೆ, ಹೆದ್ದಾರಿಯ ಚಾಲಕರಿಗೆ, ನಿದ್ದೆ ಬಾರದ ಹಿರಿಯರಿಗೆ ಆ ಹೊತ್ತು ಈಗ ಸಿಕ್ಕಿದೆ. ಇಂಥ ವಾಹಿನಿಯನ್ನು ನಡೆಸುವವರಲ್ಲಿ ಕೇಳಿಕೊಳ್ಳಬೇಕಾದದ್ದು ಎರಡೇ: ಹೊತ್ತಿನ ನೇಮ ಸಡಿಲವಾಗದಿರಲಿ, ಪಕ್ಕವಾದ್ಯದವರ ಹೆಸರನ್ನು ಎಂದೂ ಬಿಡದಿರಲಿ.

ಆದರೆ ಮೊಬೈಲಿನಲ್ಲಿ ಹೊತ್ತಿನ ಲೆಕ್ಕ ಹೊಸ ಪ್ರಶ್ನೆಯೊಂದನ್ನು ತಂದಿದೆ. ಕ್ಯಾಲಿಫೋರ್ನಿಯಾದಲ್ಲಿ ಅಕ್ಕ ತಂಗಿಯರ ಮಕ್ಕಳು ಇರುವ ಮನೆಗಳು ಇಂದು ನಮ್ಮಲ್ಲಿ ಕಡಿಮೆಯಿಲ್ಲ. ಅಲ್ಲಿನ ಬೇಸಿಗೆ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ ಆರಕ್ಕೆ ಹಾಕಿದ ಭೈರವ ಅಲ್ಲಿ ಹಿಂದಿನ ದಿನದ ಸಂಜೆ ಐದೂವರೆಗೆ, ಕಚೇರಿಯಿಂದ ಕಾರಿನಲ್ಲಿ ಮನೆಗೆ ಮರಳುತ್ತಿರುವವರ ಕಿವಿಗೆ ಬೀಳುತ್ತದೆ. ಇದನ್ನು ಹೊತ್ತು ತಪ್ಪಿದ ರಾಗವೆನ್ನಬೇಕೆ? ಸ್ವರಗಳನ್ನು ಎಣಿಸಿದರೆ ಅಂತರ ಬಹಳ ಕಿರಿದು. ಭೈರವ ಥಾಟಿನ ಶುದ್ಧ ಮಧ್ಯಮವೊಂದನ್ನು ತೀವ್ರ ಮಾಡಿದರೆ ಸಿಗುವುದು ಪೂರ್ವಿ ಥಾಟು, ಮುಳುಗುಹೊತ್ತಿನ ರಾಗಗಳ ಮನೆ. ಕರ್ನಾಟಕ ಪದ್ಧತಿಯ ಲೆಕ್ಕದಲ್ಲಿ 15ನೆಯ ಮೇಳ ಮಾಯಾಮಾಳವಗೌಳ, ಅದಕ್ಕೆ 36 ಕೂಡಿದರೆ 51ನೆಯ ಮೇಳ ಕಾಮವರ್ಧನಿ. ಸರಳೆ ವರಸೆ ಕಲಿತ ಯಾವ ಮಗುವಿಗೂ ಮೊದಲನೆಯದು ಗೊತ್ತು. ಅಲ್ಲಿ ಸಂಜೆಯ ಬೆಳಕಿನಲ್ಲಿ ಭೈರವ ಕೇಳಿದ ಆ ಮಗು ಮನೆಗೆ ಹೋಗಿ ಶ್ರುತಿಪೆಟ್ಟಿಗೆ ಹಾಕಿಕೊಂಡು, ತನಗೆ ಗೊತ್ತಿರುವ ಸ್ವರಗಳಲ್ಲಿ ಮಧ್ಯಮವನ್ನೊಂದೇ ಮೇಲಕ್ಕೆ ಸರಿಸಿ ಹಾಡಿ ನೋಡಬಹುದು.